ಎರಡನೇ ಕತ್ತಿ

ಹುಟ್ಟಿದ ಐದನೆಯ ದಿನ
ಕೂಸಿನ ಒದ್ದೆ ಬಟ್ಟೆ ಜೋನಿ ಬೆಲ್ಲದ ವಾಸನೆ ಹೊಡೆಯಿತು.
ಕೊಪ್ಪರಿಗೆಯ ತಳದಲ್ಲಿ ಚೂರು ಹೆಚ್ಚೇ ಕಾದ ಬೆಲ್ಲ.
ಆಯಿ ಮೂಸಿ ನಕ್ಕಳು:
"ಸಿಹಿ ಕೂಸು ಕಣೋ ಇದು."

ಬೈತಖೋಲದಲ್ಲಿ ಹುಟ್ಟಿದವ ನಾನು, ಬಂದರಿನ ಲೆಕ್ಕ ಬರೆಯುವವ.
ಡೀಸೆಲ್, ಐಸು, ನಿನ್ನೆಯ ತಾರ್ಲೆ,
ಬಿಸಿಲಿಗೆ ಹರಡಿದ ಮೋರಿಯ ಕಣ್ಣು ಚುಚ್ಚುವ ಅಮೋನಿಯ,
ಎಲ್ಲವನ್ನೂ ಮೂಗಿನಲ್ಲೇ ಎಣಿಸಬಲ್ಲೆ.
ಮೀನಿನ ಮನೆಯೊಳಗೆ ಬೆಲ್ಲ ಎಲ್ಲಿಂದ ಬಂತು
ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಆರನೆಯ ರಾತ್ರಿ ತೊಟ್ಟಿಲ ಕೆಳಗೆ ದೀಪ, ಖಾಲಿ ಹಾಳೆ, ನನ್ನದೇ ಪೆನ್ನು.
ಸಟಿ ಬಂದು ಹಣೆಬರಹ ಬರೆಯಲಿ ಎಂದು.
ಕೂಸು ಮೊಲೆ ಬಿಟ್ಟಿತು.
ಕಾಲು ಗಾಳಿಯಲ್ಲಿ ಸೈಕಲ್ ತುಳಿದವು,
ಆಮೇಲೆ ಬೆನ್ನು ಬಿಲ್ಲಾಯಿತು.

ಸಿಸ್ಟರ್ ಅಪೋಲಿನ್ ಬಟ್ಟೆ ಮೂಸಿ
ನಗಲಿಲ್ಲ.

ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ,
ಗೋವೆಯ ದೊಡ್ಡ ಆಸ್ಪತ್ರೆಯಲ್ಲಿ
ಡಾಕ್ಟರು ಚೀಟಿಯ ಹಿಂಬದಿ ಚಿತ್ರ ಬರೆದರು, ಬಾಣ ಬರೆದರು.
ನನಗೆ ತಿಳಿದದ್ದು ಮಾತ್ರ ಆಯಿಯ ಮೆಟ್ಟುಗತ್ತಿಯಿಂದ.

ಬಂಗಡೆಯ ತಲೆ ಮೊದಲು. ಅದು ಪಕ್ಕದ ಬುಟ್ಟಿಗೆ.
ಜೀವಕೋಶವೂ ಹಾಗೆಯೇ ಕೂತಿದೆ, ಕಾಲು ಮಡಚಿ.
ಅಮೈನೋ ಆಮ್ಲ ಕೈಗೆ ಬಂದರೆ
ಸಾರಜನಕದ ತಲೆ ತೆಗೆದು ಪಕ್ಕದವಳ ಬುಟ್ಟಿಗೆ.
ಅದು ಕೈಯಿಂದ ಕೈಗೆ ದಾಟಿ ಪಿತ್ತಕೋಶದ ಪಕ್ಕದ ದೊಡ್ಡ ಮನೆಗೆ,
ಯಕೃತ್ತಿಗೆ; ಅಲ್ಲಿ ವಿಷದ ಹಲ್ಲು ಕಿತ್ತು ಯೂರಿಯಾ,
ಯೂರಿಯಾ ನೀರಿನ ದಾರಿ ಹಿಡಿದು ಹೊರಗೆ.
ಉಳಿದ ಇಂಗಾಲದ ಮೈ ಒಲೆಗೆ.
ಕೆಲವು ಸಕ್ಕರೆಯಾಗಿ, ಕೆಲವು ಕೊಬ್ಬಾಗಿ ಸುತ್ತಿ ಬಂದು
ಕೊನೆಗೆ ಉರಿದು ಬಿಸಿ, ನೀರು, ಬಿಟ್ಟ ಉಸಿರು.

ಆದರೆ ಮೂವರಿದ್ದಾರೆ, ಕವಲು ಬಾಲದವರು:
ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲೀನ್.
ತಲೆ ಹೋದ ಮೇಲೂ ಅವರಿಗೆ ಇನ್ನೊಂದು ಕತ್ತಿ ಬೇಕು.
ನನ್ನ ಮಗಳಲ್ಲಿ ಅದಿಲ್ಲ.
ಹೆಚ್ಚಲಾರದ ಮೀನು ಕಟ್ಟೆಯ ಮೇಲೆ ರಾಶಿ,
ರಾಶಿ ಏರಿ ನೆತ್ತರಿಗೆ, ನೆತ್ತರಿಂದ ಮಿದುಳಿಗೆ.
ಬೆಲ್ಲ ಅಂದುಕೊಂಡದ್ದು ಅದು.

ಸ್ನೇಹಲ್‌ಗೂ ನನಗೂ ಆ ಕತ್ತಿ ಜೋಡಿ ಜೋಡಿಯಾಗಿ ಸಿಕ್ಕಿತ್ತು,
ಒಂದು ಹರಿತ, ಒಂದು ಮೊಂಡು. ಗೊತ್ತಿರಲಿಲ್ಲ.
ಒಂದರಲ್ಲೇ ಬದುಕು ನಡೆದಿತ್ತು.
ಮಗಳಿಗೆ ಕೊಡುವಾಗ ಇಬ್ಬರ ಕೈಗೂ ಮೊಂಡೇ ಬಂತು.

ನಲವತ್ತು ವರ್ಷ ಕಣ್ಣಂದಾಜಿನಲ್ಲೇ ಪಾಲು ಹಾಕಿದ ಆಯಿ
ಈಗ ಕನ್ನಡಕ ಏರಿಸಿ ಅನ್ನ ತೂಗುತ್ತಾಳೆ, ಗ್ರಾಮಿನಲ್ಲಿ.
ಬೇಳೆ ಬೇಡ, ಹಾಲು ಬೇಡ, ಮೀನಂತೂ ಹೆಸರೆತ್ತಬೇಡ.
ಮರಗೆಣಸು, ಡಬ್ಬಿಯ ಪುಡಿ. ಆ ಪುಡಿಗೆ
ಒಣಗಿದ ಬಲೆಯ ರುಚಿ; ನಾನು ನೆಕ್ಕಿ ನೋಡಿದ್ದೇನೆ.
ಸಟಿಗೆ ಇಟ್ಟ ಹಾಳೆಯಲ್ಲಿ
ನಾನೇ ಬರೆಯುತ್ತೇನೆ: ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು.

ಜ್ವರ ಬಂದರೆ ಮಾತ್ರ ಯಾವ ತಕ್ಕಡಿಯೂ ನಡೆಯದು.
ಆಗ ದೇಹ ತನ್ನದೇ ಮಾಂಸ ಬಿಚ್ಚಿ ಒಲೆಗೆ ಹಾಕುತ್ತದೆ,
ಮಗು ಬಾಯಿಗೆ ಏನೂ ಇಡದೆ
ಬುಟ್ಟಿಗಟ್ಟಲೆ ಮೀನು ತಿಂದಂತೆ.
ಬೋಟುಗಳು ಕಟ್ಟಿಬಿದ್ದ ಜೂನ್ ಜುಲೈನಲ್ಲಿ
ನಾನು ಮೂಸುತ್ತಾ ಏಳುತ್ತೇನೆ: ದಿಂಬು, ಕಿವಿಯ ಹಿಂಬದಿ.

ಈಗ ಸುರಂಗಿಗೆ ಐದು.
ಮಾರುಕಟ್ಟೆಯಲ್ಲಿ ಆಯಿಯ ಮಗ್ಗುಲಿಗೆ ಕೂತು
ಪಾಲಿನ ಬೆಲೆ ಕೂಗುತ್ತಾಳೆ, ನೂರಕ್ಕೆ ಹತ್ತು ಕಡಿಮೆ ಮಾಡಳು.
ಮೊನ್ನೆ ಕೋಡಿಬಾಗದ ಗಿರಾಕಿಯೊಬ್ಬಳು ಕೆಣಕಿದಳು:
"ನಿಂಗೆ ಯಾವ ಮೀನು ರುಚಿಯೇ?"

ಆಯಿಯ ಕತ್ತಿ ನಿಂತಿತು.
ಸುರಂಗಿ ಬುಟ್ಟಿಗಳನ್ನೆಲ್ಲ ಒಮ್ಮೆ ನೋಡಿದಳು, ಅವಸರವಿಲ್ಲದೆ.
"ನೊಗ್ಲಿ," ಅಂದಳು. "ಅದು ಹೊಳೀತದೆ."